ಕ್ರೋಶಾ ಗೊಂಬೆ ಹೆಣೆಯಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗೈಯಲ್ಲಿ ಕೂರುವಷ್ಟು ಪುಟ್ಟದಾದ, ಒಳಗೆ ಹತ್ತಿ ತುಂಬಿದ ಕ್ರೋಶಾ ಗೊಂಬೆಗಳಿಗೆ ಅಮಿಗುರುಮಿ ಎಂಬ ಜಪಾನಿ ಹೆಸರೇ ಎಲ್ಲೆಡೆ ನಿಂತುಬಿಟ್ಟಿದೆ. ಬಾಗಿಲ ತೋರಣ, ಟೇಬಲ್ ಕ್ಲಾತ್ ಹೆಣೆದು ಪಳಗಿದ ಕೈಗೂ ಇದು ಮೊದಮೊದಲು ಒಗ್ಗುವುದಿಲ್ಲ. ಲೇಸಿನಲ್ಲಿ ತೂತೇ ಅಂದ, ಗೊಂಬೆಯಲ್ಲಿ ತೂತು ಬಂದರೆ ಕೆಲಸ ಕೆಟ್ಟಂತೆ. ಕೆಳಗಿನ ಉತ್ತರಗಳಲ್ಲಿ ಅರ್ಧದಷ್ಟು ಈ ತೂತಿನ ಗೊಡವೆಯೇ.

ಈವರೆಗೆ ಕ್ರೋಶಾ ಕಡ್ಡಿ ಹಿಡಿದೇ ಇಲ್ಲ. ನೇರವಾಗಿ ಗೊಂಬೆಯಿಂದಲೇ ಶುರು ಮಾಡಬಹುದೇ?

ಮಾಡಬಹುದು. ಬೇಕಾಗುವುದು ಚೈನ್ (ಕುಣಿಕೆಯೊಳಗಿಂದ ಕುಣಿಕೆ ಎಳೆದ ಸರಪಳಿ), ಸಿಂಗಲ್ ಕ್ರೋಶಾ (ಗೊಂಬೆಯ ಮೈಯೆಲ್ಲ ಹೆಣೆಯುವ ಗಿಡ್ಡ ಸ್ಟಿಚ್), ಸ್ಲಿಪ್ ಸ್ಟಿಚ್ (ಎತ್ತರವೇ ಇಲ್ಲದ ಸ್ಟಿಚ್), ಒಂದೇ ಜಾಗದಲ್ಲಿ ಎರಡು ಹಾಕಿ ಹೆಚ್ಚಿಸುವುದು, ಎರಡನ್ನು ಸೇರಿಸಿ ಒಂದು ಮಾಡಿ ಇಳಿಸುವುದು, ಅಷ್ಟೇ. ಆದರೆ ಅದಕ್ಕೂ ಮೊದಲು 10 ಸ್ಟಿಚ್ ಅಗಲ, 10 ಸಾಲು ಎತ್ತರದ ಒಂದು ಚೌಕ ಹೆಣೆದು ನೋಡಿ. ಚೌಕ ಚೆಂದ ಬರಬೇಕೆಂದೇನಿಲ್ಲ. ಒಂದು ಸ್ಟಿಚ್ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎನ್ನುವುದು ಕಣ್ಣಿಗೆ ಬೀಳುವಂತಾಗಬೇಕು. ಸಿಂಗಲ್ ಕ್ರೋಶಾದ ನೆತ್ತಿಯಲ್ಲಿ ಎರಡು ಎಳೆಗಳು ಮಲಗಿದ ವಿ ಆಕಾರದಲ್ಲಿ ಕಾಣುತ್ತವೆ. ಆ ವಿ ಗುರುತು ಸಿಗದವರಿಗೆ ಸ್ಟಿಚ್ ಎಣಿಸಲು ಬರುವುದಿಲ್ಲ. ಎಣಿಸಲು ಬಾರದಿದ್ದರೆ ಗೊಂಬೆ ಆಗುವುದಿಲ್ಲ.

ಏನೇನು ಕೊಳ್ಳಬೇಕು?

3 ಮಿ.ಮೀ. ಕಡ್ಡಿ ಒಂದು, ಕೈ ಸಡಿಲವಿರುವವರಿಗೆ 2.5 ಮಿ.ಮೀ. ಎರಡು ಬಣ್ಣಗಳಲ್ಲಿ 50 ಗ್ರಾಂ ದಾರ. 100 ಗ್ರಾಂ ಫೈಬರ್ ಹತ್ತಿ. ದಪ್ಪ ಕಣ್ಣಿನ, ಮೊಂಡು ತುದಿಯ ಸೂಜಿ. ಕತ್ತರಿ. ಸುತ್ತಿನ ಗುರುತಿಗೆ ದುಡ್ಡು ಕೊಟ್ಟು ಮಾರ್ಕರ್ ತರಬೇಕಿಲ್ಲ, ಸೇಫ್ಟಿ ಪಿನ್ನೋ ಬೇರೆ ಬಣ್ಣದ ದಾರದ ತುಂಡೋ ನಡೆಯುತ್ತದೆ.

ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಬರೀ "ಕ್ರೋಶಾ ಕಡ್ಡಿ ಕೊಡಿ" ಎಂದರೆ ಬಹಳ ಸಲ ಲೇಸಿಗೆ ಬಳಸುವ ಸಣ್ಣ ಸ್ಟೀಲ್ ಕಡ್ಡಿ ಕೊಡುತ್ತಾರೆ. ಅದರ ತುದಿ ಒಂದೂವರೆ ಮಿ.ಮೀ. ಸುತ್ತಮುತ್ತ ಇರುತ್ತದೆ, ದಪ್ಪ ದಾರ ಅದರಲ್ಲಿ ಸಿಕ್ಕುವುದೇ ಇಲ್ಲ. ಹಿಡಿಯ ಮೇಲೆ ಕೆತ್ತಿರುವ ಮಿಲಿಮೀಟರ್ ಅಂಕಿ ನೋಡಿಯೇ ತೆಗೆದುಕೊಳ್ಳಿ.

ಯಾವ ದಾರ ಒಳ್ಳೆಯದು?

ಮೊದಲ ಗೊಂಬೆಗೆ 8 ಪ್ಲೈ (ಪ್ಲೈ ಎಂದರೆ ದಾರದ ದಪ್ಪದ ಲೆಕ್ಕ) ಅಕ್ರಿಲಿಕ್, ತಿಳಿ ಬಣ್ಣದ್ದು. ಅಂಗಡಿಯಲ್ಲಿ ಉಲ್ಲನ್ ಎಂದು ಸಿಗುವುದರಲ್ಲಿ ಬಹುಪಾಲು ಇದೇ, ಉಣ್ಣೆಯ ಎಳೆ ಅದರಲ್ಲಿ ಇರುವುದಿಲ್ಲ. ಅಗ್ಗ, ಸ್ವಲ್ಪ ಹಿಗ್ಗುತ್ತದೆ, ಹತ್ತು ಸಲ ಬಿಚ್ಚಿ ಹೆಣೆದರೂ ತಡೆದುಕೊಳ್ಳುತ್ತದೆ. ಕಾಲ ಕಳೆದಂತೆ ಮೈಮೇಲೆ ಜುಂಗು ಏಳುವುದೊಂದೇ ಅದರ ದೋಷ.

ಹತ್ತಿ ದಾರದಲ್ಲಿ ಸ್ಟಿಚ್ ಅಚ್ಚುಕಟ್ಟಾಗಿ ಕಾಣುತ್ತದೆ, ಜುಂಗು ಏಳುವುದಿಲ್ಲ, ಸದಾ ಬಾಯಿಗೆ ಹಾಕಿಕೊಳ್ಳುವ ಮಗುವಿಗೂ ಒಳ್ಳೆಯದು. ಆದರೆ ಹಿಗ್ಗುವುದಿಲ್ಲವಾದ್ದರಿಂದ ಬೇಗ ಕೈ ನೋಯುತ್ತದೆ, ಹುರಿ ಸಡಿಲವಿದ್ದರೆ ಕಡ್ಡಿಯ ಮೂತಿ ಎಳೆಗಳ ನಡುವೆ ತೂರಿ ದಾರ ಸೀಳುತ್ತದೆ. ಕೆಂಪು, ಕಡುನೀಲಿ ಹತ್ತಿ ದಾರವನ್ನು ಬಿಳಿಯ ಜೊತೆ ಸೇರಿಸುವ ಮುನ್ನ ಒಂದು ತುಂಡನ್ನು ಬಿಸಿನೀರಿನಲ್ಲಿ ನೆನೆಸಿ ಬಿಳಿ ಬಟ್ಟೆಗೆ ಒತ್ತಿ ನೋಡಿ. ಬಣ್ಣ ಬಿಟ್ಟರೆ ಒಂದೇ ಒಗೆತಕ್ಕೆ ಬಿಳಿ ಮೊಲ ಗುಲಾಬಿ ಮೊಲವಾಗುತ್ತದೆ.

ವೀಡಿಯೊಗಳಲ್ಲಿ ಕಾಣುವ ಮಖಮಲ್ಲಿನಂಥ ಚೆನಿಲ್ ದಾರಕ್ಕೆ ಎಲ್ಲರೂ ಮರುಳಾಗುತ್ತಾರೆ. ಮೊದಲ ಮೂರು ನಾಲ್ಕು ಗೊಂಬೆ ಮುಗಿಯುವವರೆಗೆ ಅದನ್ನು ಮುಟ್ಟದಿರುವುದೇ ಕ್ಷೇಮ. ರೋಮದ ನಡುವೆ ಸ್ಟಿಚ್ ಕಾಣುವುದಿಲ್ಲ, ಬೆರಳಲ್ಲಿ ತಡವಿಯೇ ಹುಡುಕಬೇಕು. ಎರಡು ಸಲ ಬಿಚ್ಚಿದರೆ ರೋಮ ಉದುರಿ ನಡುವಿನ ಸಣ್ಣ ನೂಲು ಮಾತ್ರ ಉಳಿಯುತ್ತದೆ. ಕಪ್ಪು ದಾರವೂ ಹಾಗೆಯೇ, ರಾತ್ರಿ ಬಲ್ಬಿನ ಬೆಳಕಿನಲ್ಲಿ ಅದನ್ನು ಎಣಿಸಲು ಪಳಗಿದವರೂ ತಿಣುಕುತ್ತಾರೆ.

ದಾರದ ಲೇಬಲ್ಲಿನಲ್ಲಿ 4 ಮಿ.ಮೀ. ಎಂದಿದೆ. 3 ಏಕೆ?

ಲೇಬಲ್ಲಿನ ಅಳತೆ ಸ್ವೆಟರ್, ಶಾಲಿನಂಥ ಮೈಗೆ ಬಳಕುವ ಹೆಣಿಗೆಗೆ. ಗೊಂಬೆಯ ಗೋಡೆ ಬಿಗಿಯಾಗಿರಬೇಕು, ಇಲ್ಲದಿದ್ದರೆ ತುಂಬಿದ ಹತ್ತಿ ಇಣುಕುತ್ತದೆ. ಆದ್ದರಿಂದ ಲೇಬಲ್ಲಿಗಿಂತ ಒಂದರಿಂದ ಒಂದೂವರೆ ಮಿ.ಮೀ. ಸಣ್ಣ ಕಡ್ಡಿ. ಹೆಣೆದ ತುಂಡನ್ನು ಬೆಳಕಿಗೆ ಹಿಡಿದು ಬೆರಳಿನಿಂದ ಒಳಗಿನಿಂದ ಒತ್ತಿ ನೋಡಿ. ಬೆರಳಿನ ಚರ್ಮ ಕಂಡರೆ ಇನ್ನೂ ಅರ್ಧ ಮಿ.ಮೀ. ಇಳಿಸಿ.

ಪ್ಯಾಟರ್ನಿನ ಸಂಕ್ಷಿಪ್ತ ಅಕ್ಷರಗಳು ಅರ್ಥವಾಗುತ್ತಿಲ್ಲ.

ಎಂಆರ್ ಎಂದರೆ ಮ್ಯಾಜಿಕ್ ರಿಂಗ್ (ಹೆಣಿಗೆ ಶುರುವಾಗುವ, ಎಳೆದರೆ ಮುಚ್ಚುವ ದಾರದ ಉಂಗುರ), ಎಸ್‌ಸಿ ಸಿಂಗಲ್ ಕ್ರೋಶಾ, ಐಎನ್‌ಸಿ ಹೆಚ್ಚಿಸುವುದು, ಡಿಇಸಿ ಇಳಿಸುವುದು, ಬಿಎಲ್‌ಓ ಎಂದರೆ ಹಿಂದಿನ ಎಳೆಯಲ್ಲಿ ಮಾತ್ರ ಹೆಣೆಯುವುದು. "2 ಎಸ್‌ಸಿ, ಐಎನ್‌ಸಿ" ಎಂದು ಆವರಣದಲ್ಲಿದ್ದು ಪಕ್ಕದಲ್ಲಿ 6 ಎಂದಿದ್ದರೆ ಆ ಗುಂಪನ್ನು ಆರು ಸಲ ಮಾಡಿ. ಸಾಲಿನ ಕೊನೆಯಲ್ಲಿರುವ ಅಂಕಿ ಆ ಸುತ್ತು ಮುಗಿದಾಗ ಇರಬೇಕಾದ ಒಟ್ಟು ಸ್ಟಿಚ್‌ಗಳ ಲೆಕ್ಕ.

ಇಲ್ಲೊಂದು ತೊಡಕಿದೆ. ಅಮೆರಿಕದವರ ಸಿಂಗಲ್ ಕ್ರೋಶಾವನ್ನೇ ಬ್ರಿಟಿಷರು ಡಬಲ್ ಕ್ರೋಶಾ ಎನ್ನುತ್ತಾರೆ. ಬ್ರಿಟಿಷ್ ಕ್ರಮದಲ್ಲಿ ಎಸ್‌ಸಿ ಎಂಬುದೇ ಇಲ್ಲ. ಹಾಗಾಗಿ ಪ್ಯಾಟರ್ನಿನಲ್ಲಿ ಎಸ್‌ಸಿ ಕಂಡರೆ ಅಮೆರಿಕದ್ದು, ಗೊಂಬೆ ಪೂರ್ತಿ ಡಿಸಿ (ಡಬಲ್ ಕ್ರೋಶಾ) ಎಂದೇ ಇದ್ದರೆ ಬಹುತೇಕ ಬ್ರಿಟಿಷರದ್ದು. ಅದನ್ನು ಅಮೆರಿಕದ ಡಬಲ್ ಎಂದುಕೊಂಡು ಹೆಣೆದರೆ ಗೊಂಬೆ ಉದ್ದುದ್ದ ಬೆಳೆದು ಮೈಯೆಲ್ಲ ಜಾಲರಿಯಾಗುತ್ತದೆ.

ಮ್ಯಾಜಿಕ್ ರಿಂಗ್ ಬರುತ್ತಲೇ ಇಲ್ಲ!

ಎಲ್ಲರೂ ಎಡವುವ ಜಾಗವೇ ಇದು. ದಾರದ ತುದಿ (ಇದೇ ಬಾಲ) 10 ಸೆಂ.ಮೀ. ಬಿಟ್ಟು ಎಡಗೈಯ ಎರಡು ಬೆರಳ ಮೇಲೆ ಒಂದು ಸುತ್ತು ಹಾಕಿ, ದಾರ ದಾರವನ್ನು ದಾಟಿ ಕತ್ತರಿಯಾಕಾರ ಆಗಬೇಕು. ಮೊದಲ ಎಳೆಯ ಕೆಳಗಿನಿಂದ ಕಡ್ಡಿ ತೂರಿಸಿ ಎರಡನೆಯ ಎಳೆಯನ್ನು ಈಚೆ ಎಳೆಯಿರಿ. ಒಂದು ಚೈನ್ ಹಾಕಿ ಭದ್ರಪಡಿಸಿ, ಈ ಚೈನ್ ಲೆಕ್ಕಕ್ಕಿಲ್ಲ. ಈಗ ಬೆರಳಿನಿಂದ ತೆಗೆದು ಉಂಗುರದೊಳಗೆ 6 ಸಿಂಗಲ್ ಕ್ರೋಶಾ. ಪ್ರತಿ ಸಲವೂ ಕಡ್ಡಿ ಉಂಗುರದ ಎಳೆ ಮತ್ತು ಬಾಲದ ಎಳೆ ಎರಡರ ಕೆಳಗೂ ಹೋಗಬೇಕು. ಆರಾದ ಮೇಲೆ ಬಾಲ ಎಳೆದರೆ ತೂತು ಮುಚ್ಚುತ್ತದೆ. ಎಳೆದರೂ ಮುಚ್ಚಲಿಲ್ಲವೆಂದರೆ ಯಾವುದೋ ಸ್ಟಿಚ್ ಬಾಲವನ್ನು ಬಿಟ್ಟು ಕೂತಿದೆ ಎಂದರ್ಥ.

ಅಷ್ಟಾದರೂ ಬಾರದಿದ್ದರೆ 2 ಚೈನ್ ಹಾಕಿ, ಕಡ್ಡಿಯಿಂದ ಎಣಿಸಿದ ಎರಡನೆಯ ಚೈನಿನೊಳಗೇ 6 ಸಿಂಗಲ್ ಕ್ರೋಶಾ ತುರುಕಿ. ನಡುವೆ ಚುಕ್ಕಿಯಷ್ಟು ತೂತು ಉಳಿಯುತ್ತದೆ. ಅದನ್ನು ಆಮೇಲೆ ಬಾಲದ ದಾರದಿಂದ ಒಳಗಡೆ ಹೊಲಿದು ಮುಚ್ಚಬಹುದು. ಚೆನಿಲ್ ದಾರಕ್ಕಂತೂ ಇದೇ ದಾರಿ, ಅದರ ಮ್ಯಾಜಿಕ್ ರಿಂಗನ್ನು ಜೋರಾಗಿ ಎಳೆದರೆ ದಾರ ಕಿತ್ತುಬರುತ್ತದೆ.

ಪ್ರತಿ ಸುತ್ತಿನಲ್ಲೂ ಲೆಕ್ಕ ಒಂದು ಕಡಿಮೆ ಅಥವಾ ಒಂದು ಹೆಚ್ಚು ಬರುತ್ತದೆ. ಏಕೆ?

ಗೊಂಬೆಯನ್ನು ಸಾಮಾನ್ಯವಾಗಿ ಸುತ್ತು ಮುಚ್ಚದೆ ಸುರುಳಿಯಾಗಿ ಹೆಣೆಯುತ್ತಾರೆ, ಆದ್ದರಿಂದ ಆರಂಭ ಎಲ್ಲಿ ಎಂಬುದು ತಾನಾಗಿ ಕಾಣುವುದಿಲ್ಲ. ಪ್ರತಿ ಸುತ್ತಿನ ಮೊದಲ ಸ್ಟಿಚ್ ಹಾಕಿದ ಕೂಡಲೇ ಅದಕ್ಕೆ ಪಿನ್ ಸಿಕ್ಕಿಸಿ, ಮುಂದಿನ ಸುತ್ತಿನಲ್ಲಿ ಅಲ್ಲಿಗೆ ಬಂದಾಗ ತೆಗೆದು ಮೇಲಕ್ಕೆ ವರ್ಗಾಯಿಸಿ. "ನಾಲ್ಕು ಸುತ್ತಿಗೊಮ್ಮೆ ಹಾಕೋಣ" ಎಂದು ಸೋಮಾರಿತನ ಮಾಡಿದಲ್ಲೇ ಲೆಕ್ಕ ತಪ್ಪುವುದು.

ಹೆಚ್ಚಾಗಿ ಮರೆಯುವುದು ಹೆಚ್ಚಿಸಿದ ಜಾಗದ ಎರಡನೆಯ ಸ್ಟಿಚ್ಚನ್ನು. ಅದು ಮೊದಲನೆಯದರ ಮರೆಯಲ್ಲಿ ಅಡಗಿ ಕೂತಿರುತ್ತದೆ. 30 ಇರಬೇಕಾದಲ್ಲಿ 29 ಬಂದರೆ ಗೊಂಬೆಯ ಬೆನ್ನಿನ ಕಡೆ ಒಂದು ಹೆಚ್ಚಿಸಿ ಮುಂದುವರಿಯಿರಿ, ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡು ಮೂರು ವ್ಯತ್ಯಾಸವಿದ್ದರೆ ಬಿಚ್ಚಿ. ಕ್ರೋಶಾದಲ್ಲಿ ಕಡ್ಡಿಯ ಮೇಲಿರುವುದು ಒಂದೇ ಕುಣಿಕೆಯಾದ್ದರಿಂದ ಬಿಚ್ಚುವುದು ಸುಲಭ, ನಿಟ್ಟಿಂಗಿನ ಹಾಗೆ ಸಾಲು ಸಾಲು ಕುಣಿಕೆ ಜಾರಿಹೋಗುವ ಭಯವಿಲ್ಲ.

ಚಿತ್ರದಲ್ಲಿರುವಂತೆ ವಿ ಕಾಣುತ್ತಿಲ್ಲ, ಅಡ್ಡಗೆರೆಗಳು ಕಾಣುತ್ತಿವೆ.

ಗೊಂಬೆ ಒಳಹೊರಗಾಗಿದೆ. ಹೆಣಿಗೆ ಬಟ್ಟಲಿನಂತೆ ಬಾಗಲು ತೊಡಗಿದಾಗ ಕಡ್ಡಿ ಹೊರಗಿನಿಂದ ಒಳಕ್ಕೆ ಹೋಗುತ್ತಿರಬೇಕು. ನಿಮ್ಮದು ಒಳಗಿನಿಂದ ಹೊರಕ್ಕೆ ಹೋಗುತ್ತಿದೆ. ಐದಾರು ಸುತ್ತಿನೊಳಗೆ ಗೊತ್ತಾದರೆ ಹೆಬ್ಬೆರಳಿನಿಂದ ಒತ್ತಿ ಮಗುಚಿದರೆ ಸಾಕು, ಬಿಚ್ಚಬೇಕಿಲ್ಲ.

ಇನ್ನೊಂದು ಸಂಗತಿಯೂ ರೂಪ ಬದಲಿಸುತ್ತದೆ. ಸ್ಟಿಚ್ಚಿನೊಳಗೆ ಕಡ್ಡಿ ತೂರಿಸಿದ ಮೇಲೆ ದಾರವನ್ನು ಕಡ್ಡಿಯ ಮೇಲೆ ಸುತ್ತಿ ಎಳೆದರೆ ಹೊರಮೈಯಲ್ಲಿ ವಿ ಬರುತ್ತದೆ. ಕಡ್ಡಿಯನ್ನೇ ದಾರದ ಮೇಲಿಂದ ಇಳಿಸಿ ಕೊಕ್ಕೆಯಿಂದ ಹಿಡಿದೆಳೆದರೆ ಎಕ್ಸ್ ಬರುತ್ತದೆ, ಹೆಣಿಗೆಯೂ ತುಸು ಬಿಗಿ. ಎರಡೂ ಸರಿಯೇ. ತಲೆಯನ್ನು ಒಂದು ರೀತಿ, ಮೈಯನ್ನು ಇನ್ನೊಂದು ರೀತಿ ಹೆಣೆದರೆ ಮಾತ್ರ ಅಳತೆ ಹೊಂದುವುದಿಲ್ಲ.

ಚೆಂಡು ಮಾಡಲು ಹೋದರೆ ಆರು ಮೂಲೆ ಬರುತ್ತಿದೆ.

ಪ್ರತಿ ಸುತ್ತಿನಲ್ಲೂ ಹೆಚ್ಚಿಸುವ ಜಾಗ ಹಿಂದಿನ ಸುತ್ತಿನದರ ಮೇಲೆಯೇ ಕೂತರೆ ಹೀಗಾಗುತ್ತದೆ. ಒಂದು ಸುತ್ತು ಬಿಟ್ಟು ಒಂದರಲ್ಲಿ ಜಾಗ ಸರಿಸಿ. ಒಟ್ಟು 24 ಸ್ಟಿಚ್ ಆಗಬೇಕಾದ ಸುತ್ತಿನಲ್ಲಿ "2, ಹೆಚ್ಚಿಸು" (2 ಸಿಂಗಲ್ ಕ್ರೋಶಾ ಹಾಕಿ ಮುಂದಿನದರಲ್ಲಿ ಹೆಚ್ಚಿಸು) ಎನ್ನುವ ಬದಲು "1, ಹೆಚ್ಚಿಸು, 1" ಎಂದು ಆರು ಸಲ. 36ರಲ್ಲಿ "2, ಹೆಚ್ಚಿಸು, 2". ಒಟ್ಟು ಲೆಕ್ಕ ಅದೇ, ಮೂಲೆ ಮಾತ್ರ ಮಾಯ. ಅಂಚು ನಿರಿಗೆ ನಿರಿಗೆಯಾಗಿ ಅಲೆಯುತ್ತಿದ್ದರೆ ಅದು ಬೇರೆ ರೋಗ, ಬೇಕಾದ್ದಕ್ಕಿಂತ ಹೆಚ್ಚಿಸಿದ್ದೀರಿ.

ಮೊದಲ ಗೊಂಬೆಗೆ ಸುಲಭವಾದ ಒಂದು ಲೆಕ್ಕ ಕೊಡಿ.

ಕೈಕಾಲು ಹೊಲಿಯುವ ತಾಪತ್ರಯವಿಲ್ಲದ ಕೋಳಿಮರಿ. 8 ಪ್ಲೈ ಹಳದಿ ಅಕ್ರಿಲಿಕ್, 3 ಮಿ.ಮೀ. ಕಡ್ಡಿ. ಮುಗಿದಾಗ 6 ರಿಂದ 7 ಸೆಂ.ಮೀ. ಎತ್ತರ, ಸುಮಾರು 10 ಗ್ರಾಂ ದಾರ, ಹೆಚ್ಚುಕಡಿಮೆ ಅಷ್ಟೇ ತೂಕದ ಹತ್ತಿ.

ಸುತ್ತು 1: ಮ್ಯಾಜಿಕ್ ರಿಂಗಿನಲ್ಲಿ 6.
ಸುತ್ತು 2: ಪ್ರತಿಯೊಂದರಲ್ಲೂ ಹೆಚ್ಚಿಸಿ, 12.
ಸುತ್ತು 3: 1, ಹೆಚ್ಚಿಸು, ಆರು ಸಲ, 18.
ಸುತ್ತು 4: 1, ಹೆಚ್ಚಿಸು, 1, ಆರು ಸಲ, 24.
ಸುತ್ತು 5: 3, ಹೆಚ್ಚಿಸು, ಆರು ಸಲ, 30.
ಸುತ್ತು 6 ರಿಂದ 13: ಹೆಚ್ಚು ಕಡಿಮೆ ಏನೂ ಇಲ್ಲದೆ ಎಂಟು ಸುತ್ತು, ತಲಾ 30.

ಇಲ್ಲಿ ನಿಲ್ಲಿಸಿ, ಕುಣಿಕೆಗೆ ಪಿನ್ ಸಿಕ್ಕಿಸಿ ಕಡ್ಡಿ ತೆಗೆಯಿರಿ. 7 ಮತ್ತು 8ನೇ ಸುತ್ತಿನ ನಡುವೆ, 5 ಸ್ಟಿಚ್ ಅಂತರದಲ್ಲಿ 6 ಮಿ.ಮೀ. ಪ್ಲಾಸ್ಟಿಕ್ ಕಣ್ಣು ಕೂರಿಸಿ. ಅಥವಾ ಕಪ್ಪು ದಾರದಲ್ಲಿ ಹೊಲಿಯಿರಿ. ಕಣ್ಣುಗಳ ನಡುವೆ, ಒಂದು ಸುತ್ತು ಕೆಳಗೆ, ಕಿತ್ತಳೆ ದಾರದಿಂದ ಎರಡು ಸ್ಟಿಚ್ ಅಗಲಕ್ಕೆ ನಾಲ್ಕೈದು ಎಳೆ ಒಂದರ ಮೇಲೊಂದು ಹಾಕಿದರೆ ಕೊಕ್ಕು.

ಸುತ್ತು 14: 3, ಇಳಿಸು, ಆರು ಸಲ, 24.
ಸುತ್ತು 15: 2, ಇಳಿಸು; ಆರು ಸಲ, 18. ಈಗ ಹತ್ತಿ ತುಂಬಿ.
ಸುತ್ತು 16: 1, ಇಳಿಸು, ಆರು ಸಲ, 12. ಇನ್ನಷ್ಟು ತುಂಬಿ.
ಸುತ್ತು 17: ಆರು ಸಲ ಇಳಿಸಿ, 6.

20 ಸೆಂ.ಮೀ. ದಾರ ಬಿಟ್ಟು ಕತ್ತರಿಸಿ. ಸೂಜಿಯಿಂದ ಉಳಿದ ಆರೂ ಸ್ಟಿಚ್‌ಗಳ ಮುಂದಿನ ಎಳೆಯಲ್ಲಿ ಮಾತ್ರ ದಾರ ಪೋಣಿಸಿ ಬಿಗಿಯಾಗಿ ಎಳೆದರೆ ಬುಡ ಮುಚ್ಚುತ್ತದೆ. ಮರಿ ಉರುಳುತ್ತಿದ್ದರೆ ಅದೇ ದಾರವನ್ನು ಬುಡದ ನಡುವಿನಿಂದ ಒಳಕ್ಕೆ ತೂರಿಸಿ, ಬೆನ್ನಿನ ಕೆಳಭಾಗದಲ್ಲಿ ಹೊರತೆಗೆದು, ಸ್ವಲ್ಪ ಜಗ್ಗಿ ಗಂಟು ಹಾಕಿ. ಬುಡ ಒಳಸರಿದು ಕೋಳಿಮರಿ ನೆಟ್ಟಗೆ ಕೂರುತ್ತದೆ. ರೆಕ್ಕೆಗೆ ಮ್ಯಾಜಿಕ್ ರಿಂಗಿನಲ್ಲಿ 6, ಮುಂದಿನ ಸುತ್ತಿನಲ್ಲಿ 12, ಆ ಬಿಲ್ಲೆಯನ್ನು ಅರ್ಧಕ್ಕೆ ಮಡಚಿ 10ನೇ ಸುತ್ತಿನ ಅಕ್ಕಪಕ್ಕ ಹೊಲಿಯಿರಿ. ಇದಕ್ಕೆ ಹತ್ತಿ ಬೇಡ.

ಮೈಗೆ ಒಟ್ಟು 390 ಸ್ಟಿಚ್. ಒಂದೇ ಸಂಜೆಗೆ ಮುಗಿಸುವ ಹಟ ಬೇಡ, ಕೈ ದಣಿದಾಗ ಹೆಣಿಗೆ ಬಿಗಿಯಾಗಿ ಕೆಳಗಿನರ್ಧ ಚಿಕ್ಕದಾಗುತ್ತದೆ.

ಇಳಿಸಿದ ಕಡೆಯೆಲ್ಲ ಗುಬುಟು, ಪಕ್ಕದಲ್ಲಿ ತೂತು.

ಎರಡು ಸ್ಟಿಚ್‌ಗಳನ್ನು ಪೂರ್ತಿ ಹಿಡಿದು ಸೇರಿಸಿದರೆ ಹಾಗೆಯೇ. ಮೊದಲ ಸ್ಟಿಚ್ಚಿನ ಮುಂದಿನ ಎಳೆಗೆ ಮಾತ್ರ ಕಡ್ಡಿ ತೂರಿಸಿ, ದಾರ ಎಳೆಯದೆ, ಎರಡನೆಯದರ ಮುಂದಿನ ಎಳೆಗೂ ತೂರಿಸಿ. ಕಡ್ಡಿಯ ಮೇಲೆ ಈಗ ಮೂರು ಕುಣಿಕೆ. ದಾರ ಸುತ್ತಿ ಎರಡರಿಂದ ಎಳೆಯಿರಿ, ಮತ್ತೆ ಸುತ್ತಿ ಉಳಿದ ಎರಡರಿಂದ ಎಳೆಯಿರಿ. ಎಲ್ಲಿ ಇಳಿಸಿದ್ದೆಂದು ಹುಡುಕಿದರೂ ಸಿಗದು.

ಒಳಗೆ ಏನು ತುಂಬಬೇಕು? ಮನೆಯಲ್ಲಿ ಹಳೆ ದಿಂಬಿನ ಹತ್ತಿ ಇದೆ.

ಪಾಲಿಯೆಸ್ಟರ್ ಫೈಬರ್ ಒಳ್ಳೆಯದು, ಅಂಗಡಿಗಳಲ್ಲಿ ರೆಕ್ರಾನ್ ಹತ್ತಿ ಎಂದರೂ ಕೊಡುತ್ತಾರೆ. ಒಗೆದರೂ ಬೇಗ ಒಣಗಿ ಮತ್ತೆ ಉಬ್ಬುತ್ತದೆ. ಮಾಮೂಲಿ ಹತ್ತಿ ಒದ್ದೆಯಾದರೆ ಗಂಟುಗಟ್ಟುತ್ತದೆ, ಮಲೆನಾಡು ಕರಾವಳಿಯ ಮಳೆಗಾಲದಲ್ಲಿ ಒಳಗೇ ಬೂಷ್ಟು ಹಿಡಿಯುತ್ತದೆ. ಬೂರುಗದ ಹತ್ತಿಯ ಎಳೆ ತೀರಾ ನವಿರು, ಸ್ಟಿಚ್‌ಗಳ ಸಂದಿಯಿಂದ ಹೊರಬಂದು ಮೂಗಿಗೆ ಹೋಗುತ್ತದೆ. ತೂಕಕ್ಕೆಂದು ಅಕ್ಕಿ, ಬೇಳೆ ಹಾಕಿದರೆ ಹುಳು ಬೀಳುವುದು ಖಂಡಿತ.

ಉಂಡೆ ಮಾಡಿ ತುರುಕಬೇಡಿ, ಹೊರಗಿನಿಂದ ಉಬ್ಬುತಗ್ಗು ಕಾಣುತ್ತದೆ. ಬೆರಳಲ್ಲಿ ಬಿಡಿಸಿ ಚಿಕ್ಕ ಚಿಕ್ಕ ಹಿಡಿಯಾಗಿ, ಮೊದಲು ಅಂಚುಗಳಿಗೆ, ಆಮೇಲೆ ನಡುವಿಗೆ. ಕಡ್ಡಿಯ ಹಿಂಬದಿ ಅಥವಾ ಪೆನ್ಸಿಲ್ಲಿನಿಂದ ನೂಕಿ. ಗೊಂಬೆ ಒತ್ತಿದಾಗ ಗಟ್ಟಿ ಅನ್ನಿಸಬೇಕು, ಸ್ಟಿಚ್ ಬಾಯಿ ಬಿಡಬಾರದು. ಹೊಸಬರು ಸಾಮಾನ್ಯವಾಗಿ ಕಡಿಮೆಯೇ ತುಂಬುತ್ತಾರೆ, ಹದಿನೈದು ದಿನದಲ್ಲಿ ಹತ್ತಿ ಕೂತು ಗೊಂಬೆ ಸೊರಗುತ್ತದೆ.

ಪ್ಲಾಸ್ಟಿಕ್ ಕಣ್ಣು ಮಕ್ಕಳಿಗೆ ಸುರಕ್ಷಿತವೇ?

ಹೆಸರು ಸೇಫ್ಟಿ ಕಣ್ಣು ಎಂದಿದ್ದರೂ ಮೂರು ವರ್ಷದೊಳಗಿನ ಮಗುವಿನ ಗೊಂಬೆಗೆ ಬೇಡವೇ ಬೇಡ. ಕಣ್ಣಿನ ಹಿಂದೆ, ಗೊಂಬೆಯ ಒಳಗಡೆಯಿಂದ ಒತ್ತಿ ಕೂರಿಸುವ ಬಿಲ್ಲೆ ಬಿಗಿಯಾಗಿಯೇ ಇರುತ್ತದೆ. ಮಗು ಜಗ್ಗಿ ಜಗ್ಗಿ ಸುತ್ತಲಿನ ದಾರ ಸಡಿಲವಾದರೆ ಕಣ್ಣು ಬಿಲ್ಲೆಯ ಸಮೇತ ಹೊರಬರುತ್ತದೆ, ಗಂಟಲಲ್ಲಿ ಸಿಕ್ಕಿಕೊಳ್ಳುವ ಗಾತ್ರ ಅದು. ಮಣಿ, ಗುಂಡಿಗಳೂ ಇದೇ ಸಾಲಿಗೆ. ಅಂಥ ಗೊಂಬೆಗೆ ದಾರದ ಕಣ್ಣು ಹೊಲಿಯಿರಿ.

ದೊಡ್ಡವರ ಮೇಜಿನ ಗೊಂಬೆಗಾದರೆ ಬಿಲ್ಲೆ ಒತ್ತುವ ಮೊದಲು ಕಣ್ಣುಗಳನ್ನು ಸುಮ್ಮನೆ ಚುಚ್ಚಿ, ಕೈ ಚಾಚಿ ದೂರದಿಂದ ನೋಡಿ. ಬಿಲ್ಲೆ ಕೂತ ಮೇಲೆ ತೆಗೆಯಲು ಬಾರದು. ಒಂದು ಸುತ್ತು ಮೇಲೆ ಹೋದರೆ ಗೊಂಬೆ ಬೆಚ್ಚಿದಂತೆ ಕಾಣುತ್ತದೆ. ಕೆಳಗೆ, ಅಗಲವಾಗಿ ಇಟ್ಟರೆ ಮುದ್ದು ಮುಖ. ಮುಖದ ನಡುಭಾಗವನ್ನು ಸುತ್ತಿನ ಪಿನ್ನಿನಿಂದ ಎಣಿಸಬೇಡಿ. ಸುರುಳಿ ಹೆಣಿಗೆಯಲ್ಲಿ ಸ್ಟಿಚ್‌ಗಳು ಮೇಲೇರುತ್ತ ಒಂದು ಕಡೆಗೆ ವಾಲುತ್ತವೆ, ಬಲಗೈಯವರದು ಬಲಕ್ಕೆ. ಚೆಂದ ಕಂಡ ಕಡೆಯನ್ನು ಮುಖ ಮಾಡಿಕೊಂಡು ಅಲ್ಲಿಂದ ಎಣಿಸಿ.

ತಲೆ ನಿಲ್ಲದೆ ತೂಗಾಡುತ್ತಿದೆ.

ಕುತ್ತಿಗೆ ಸಪೂರವಾಗಿದೆ. ತಲೆ ಮೈ ಎರಡನ್ನೂ 6 ಸ್ಟಿಚ್‌ವರೆಗೆ ಮುಚ್ಚಿ ಆಮೇಲೆ ಹೊಲಿದರೆ ಹೀಗಾಗದೆ ಇನ್ನೇನು? ಮೈಯನ್ನು 18 ಸ್ಟಿಚ್ ಇರುವಾಗಲೇ ನಿಲ್ಲಿಸಿ, 30 ಸೆಂ.ಮೀ. ದಾರ ಬಿಟ್ಟು, ಆ ಅಗಲದ ಬಾಯನ್ನೇ ತಲೆಗೆ ಹೊಲಿಯಿರಿ. ಮುಕ್ಕಾಲು ಸುತ್ತು ಹೊಲಿದಾದ ಮೇಲೆ ಕುತ್ತಿಗೆಗೆ ಇನ್ನೊಂದು ಹಿಡಿ ಹತ್ತಿ ಗಿಡಿಯಿರಿ. ಎರಡು ಸುತ್ತು ಹೊಲಿಗೆ ಹಾಕಿ. ಕಿವಿ, ಕೈಗಳನ್ನು ಮೊದಲು ಗುಂಡುಪಿನ್ನಿನಿಂದ ನಿಲ್ಲಿಸಿ ಎಲ್ಲ ಕಡೆಯಿಂದ ನೋಡಿಯೇ ಹೊಲಿಯಿರಿ. ಕೊನೆಗೆ ಗುಂಡುಪಿನ್ನುಗಳನ್ನು ಎಣಿಸಿ ತೆಗೆದಿಡುವುದನ್ನು ಮರೆಯಬೇಡಿ.

ಬಣ್ಣ ಬದಲಿಸಿದಲ್ಲಿ ಮೆಟ್ಟಿಲಿನಂತೆ ಕಾಣುತ್ತದೆ.

ಸುರುಳಿಯಲ್ಲಿ ಅದು ಪೂರ್ತಿ ಹೋಗುವುದಿಲ್ಲ, ಬೆನ್ನಿಗೆ ಸರಿಸಿ ಅಡಗಿಸಬಹುದು. ಹಳೆ ಬಣ್ಣದ ಕೊನೆಯ ಸ್ಟಿಚ್ಚಿನಲ್ಲಿ ಎರಡು ಕುಣಿಕೆ ಉಳಿದಾಗಲೇ ಹೊಸ ದಾರ ಎಳೆದುಕೊಳ್ಳಿ. ಸ್ಟಿಚ್ ಪೂರ್ತಿಯಾದ ಮೇಲೆ ಬದಲಿಸಿದರೆ ಒಂದು ಚುಕ್ಕಿ ತಪ್ಪು ಬಣ್ಣ ಉಳಿಯುತ್ತದೆ. ಹೊಸ ಬಣ್ಣದ ಮೊದಲನೆಯದನ್ನು ಸಡಿಲವಾದ ಸ್ಲಿಪ್ ಸ್ಟಿಚ್ ಮಾಡಿದರೆ ಮೆಟ್ಟಿಲು ಇನ್ನಷ್ಟು ತಗ್ಗುತ್ತದೆ.

ಒಗೆಯುವುದು ಹೇಗೆ?

ಉಗುರುಬೆಚ್ಚಗಿನ ನೀರು, ಸ್ವಲ್ಪ ಶಾಂಪೂ, ಹಿಂಡದೆ ಅದುಮಿ ತೊಳೆಯುವುದು. ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು ನೆರಳಲ್ಲಿ ಒಣಗಿಸಿ, ಮಳೆಗಾಲದಲ್ಲಿ ಫ್ಯಾನಿನ ಕೆಳಗೆ. ಅಕ್ರಿಲಿಕ್‌ಗೆ ಇಸ್ತ್ರಿ ಮುಟ್ಟಿಸಬೇಡಿ, ಕರಗಿ ಹಪ್ಪಳಿಸುತ್ತದೆ.

ಮಾರಬಹುದೇ? ಬೆಲೆ ಎಷ್ಟಿಡಬೇಕು?

ಮೊದಲು ಕಾನೂನು. 2021ರ ಜನವರಿ 1ರಿಂದ ದೇಶದಲ್ಲಿ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಜಾರಿಯಲ್ಲಿದೆ, 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಬೇಕು. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಯಾರಿಸಿ ಮಾರುವುದಕ್ಕೆ ವಿನಾಯಿತಿ ಕೊಡಲಾಗಿದೆ. ನಾಲ್ಕು ಗೊಂಬೆ ನೆಂಟರಿಗೆ ಉಡುಗೊರೆ ಕೊಡುವುದು ಬೇರೆ, ಅಂಗಡಿ ತೆರೆಯುವುದು ಬೇರೆ. ಎರಡನೆಯದರ ಯೋಚನೆಯಿದ್ದರೆ ನೋಂದಣಿ ಮೊದಲು ಮಾಡಿಸಿ.

ಬೆಲೆಯ ವಿಷಯ: ಕೋಳಿಮರಿಗೆ ಹಿಡಿಯುವ ದಾರ, ಹತ್ತಿಯ ಖರ್ಚು ಅತ್ಯಲ್ಪ, ಗಂಟೆಗಳೇ ದುಬಾರಿ. ಹೊಸಬರಿಗೆ ಮೂರು ನಾಲ್ಕು ಗಂಟೆ ಹಿಡಿಯುವ ಕೆಲಸವದು. ಸಾಮಗ್ರಿಯ ಎರಡರಷ್ಟು ಎಂದು ಬೆಲೆ ಕಟ್ಟಿದರೆ ಕೂಲಿ ಹುಟ್ಟುವುದಿಲ್ಲ. ನಿಟ್ಟಿಂಗ್ ಯಂತ್ರದ ಅಗ್ಗದ ಗೊಂಬೆ ತೋರಿಸಿ ಚೌಕಾಸಿ ಮಾಡುವವರು ಇದ್ದೇ ಇರುತ್ತಾರೆ. ಕೈಯಲ್ಲಿ ಹೆಣೆಯುವ ಈ ಗೊಂಬೆಯನ್ನು ಹಾಗೆಯೇ ಹೆಣೆದುಕೊಡುವ ಕಾರ್ಖಾನೆ ಯಂತ್ರ ಇಲ್ಲ ಎಂದು ಅವರಿಗೆ ಹೇಳಬಹುದು, ಒಪ್ಪುವುದು ಬಿಡುವುದು ಅವರಿಗೆ ಬಿಟ್ಟಿದ್ದು.

ಎಡಗೈಯವರಿಗೆ ಬೇರೆ ಪ್ಯಾಟರ್ನ್ ಬೇಕೇ?

ಬೇಡ. ಅದೇ ಲೆಕ್ಕ, ಸುತ್ತುವ ದಿಕ್ಕು ಮಾತ್ರ ತಿರುಗುಮುರುಗು. ವೀಡಿಯೊ ನೋಡಿ ಕಲಿಯುವುದಾದರೆ ಫೋನನ್ನು ಕನ್ನಡಿಯೆದುರು ಹಿಡಿದು ಕನ್ನಡಿಯಲ್ಲಿ ನೋಡಿ. "ಬಲಗಾಲಿನ ನಂತರ 8 ಸ್ಟಿಚ್ ಬಿಟ್ಟು ಬಾಲ" ಎಂಬಂಥ ಸೂಚನೆ ಬಂದಾಗ ಬಲ ಎಂದಲ್ಲಿ ಎಡ ಎಂದು ಓದಿಕೊಳ್ಳಿ.